ಭಗವಂತ ಕ್ಯಾಡಿಯಾಗಿ ಬಂದರೂ

ರಾಬರ್ಟ್ ರೆಡ್‌ಫರ್ಡ್ ನಿರ್ದೇಶಿಸಿದ ‘ದಿ ಲೆಜೆಂಡ್ ಆಫ್ ಬ್ಯಾಗರ್ ವ್ಯಾನ್ಸ್’ 2000ದ ನವೆಂಬರ್‌ನಲ್ಲಿ ತೆರೆಕಂಡಾಗ ಅಮೆರಿಕದಲ್ಲಿ ಅದನ್ನು ಮೆಚ್ಚಿದವರೂ ಕಡಿಮೆ, ನೋಡಿದವರೂ ಕಡಿಮೆ. ಮ್ಯಾಟ್ ಡೇಮನ್, ವಿಲ್ ಸ್ಮಿತ್, ಚಾರ್ಲೀಜ್ ಥೆರಾನ್ ಇದ್ದರೂ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಗಾಲ್ಫ್ ಗೊತ್ತಿಲ್ಲದವರಿಗೆ ಚಿತ್ರ ನಿಧಾನ ಅನ್ನಿಸಿತು, ಗೊತ್ತಿದ್ದವರಿಗೆ ಪ್ರವಚನ ಜಾಸ್ತಿ ಅನ್ನಿಸಿತು. ನಮ್ಮ ಕಡೆಯವರಿಗೆ ಮಾತ್ರ ಇದರಲ್ಲಿ ಹಳೆಯ ಪರಿಚಯವೊಂದು ಸಿಗುತ್ತದೆ. ಚಿತ್ರಕ್ಕೆ ಆಧಾರವಾದ ಸ್ಟೀವನ್ ಪ್ರೆಸ್‌ಫೀಲ್ಡ್ ಅವರ 1995ರ ಕಾದಂಬರಿ ಭಗವದ್ಗೀತೆಯನ್ನು ಎತ್ತಿಕೊಂಡು ಹೋಗಿ ಜಾರ್ಜಿಯಾ ರಾಜ್ಯದ ಗಾಲ್ಫ್ ಮೈದಾನದಲ್ಲಿ ಇಳಿಸಿದೆ. ನಾಯಕ ಆರ್. ಜೂನಾ ಅಂದರೆ ಅರ್ಜುನ. ಅವನ ಚೀಲ ಹೊರುವ ಕ್ಯಾಡಿ ಬ್ಯಾಗರ್ ವ್ಯಾನ್ಸ್ ಅಂದರೆ ಭಗವಾನ್. ಗೀತೆಗೂ ಹದಿನೆಂಟು ಅಧ್ಯಾಯ, ಗಾಲ್ಫ್‌ಗೂ ಹದಿನೆಂಟು ಕುಳಿ. ಸೇಂಟ್ ಆಂಡ್ರ್ಯೂಸ್‌ನವರು 1764ರಲ್ಲಿ ಇಪ್ಪತ್ತೆರಡಿದ್ದ ಕುಳಿಗಳನ್ನು ಹದಿನೆಂಟಕ್ಕೆ ಇಳಿಸುವಾಗ ವ್ಯಾಸರ ನೆನಪು ಮಾಡಿಕೊಂಡಿರಲಾರರು, ಆದರೆ ಪ್ರೆಸ್‌ಫೀಲ್ಡ್‌ಗೆ ಈ ಲೆಕ್ಕ ಚೆನ್ನಾಗಿಯೇ ಒದಗಿಬಂತು.

ಈ ಚಿತ್ರದ ಬಗ್ಗೆ ಮಾತಾಡುವವರು ಗಾಲ್ಫ್ ಬಗ್ಗೆ ಮಾತಾಡುತ್ತಾರೆ, ಗೀತೆಯ ಬಗ್ಗೆ ಮಾತಾಡುತ್ತಾರೆ. ಕಥೆಯನ್ನು ಹೊರಡಿಸುವುದೇ ಒಂದು ಆತ್ಮಹತ್ಯೆ ಎಂಬುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ, ಚಿತ್ರವೇ ಅದನ್ನು ಕೆಲವು ನಿಮಿಷಗಳಲ್ಲಿ ಮರೆತು ಮುಂದಕ್ಕೆ ಹೋಗುತ್ತದೆ. ಗಾಲ್ಫ್‌ನ ಒಳಮರ್ಮವನ್ನು ಇಷ್ಟು ಚೆನ್ನಾಗಿ ಹಿಡಿದ ಚಿತ್ರ ಇನ್ನೊಂದಿಲ್ಲ. ಬದುಕು ಸಾಕೆನಿಸಿದ ಮನಸ್ಸನ್ನು ಇಷ್ಟು ಸುಲಭವಾಗಿ ದಾಟಿಹೋದ ಚಿತ್ರಗಳು ಬೇಕಾದಷ್ಟಿವೆ, ಅವುಗಳಲ್ಲಿ ಇದೂ ಒಂದು.

ಮೊದಲು ಗಾಲ್ಫ್ ವಿಚಾರ. ನಾಲ್ಕೂಕಾಲು ಇಂಚು ಅಗಲದ ಕುಳಿ, ನಲವತ್ತಾರು ಗ್ರಾಂ ದಾಟದ ಚೆಂಡು, ಹೆಚ್ಚೆಂದರೆ ಹದಿನಾಲ್ಕು ಕೋಲು, ನಾಲ್ಕು ತಾಸಿನ ನಡಿಗೆ. ಇಷ್ಟಕ್ಕೇ ಜನ ಹೇಗೆ ಮರುಳಾಗುತ್ತಾರೆ ಎಂಬುದು ಬೇಲಿಯ ಆಚೆ ನಿಂತು ನೋಡುವವರಿಗೆ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ. ಊರಿನ ಬಹುಪಾಲು ಜನಕ್ಕೆ ಅದು ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಹಸಿರು ಮಾತ್ರ. ಚಿನ್ನಿದಾಂಡಿನಲ್ಲಾದರೆ ಎದುರಿಗೆ ನಿಂತವನು ಚಿನ್ನಿ ಹಿಡಿದು ನಿಮ್ಮನ್ನು ಔಟ್ ಮಾಡುತ್ತಾನೆ, ಅವನನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದು. ಗಾಲ್ಫ್‌ನಲ್ಲಿ ಎದುರಾಳಿ ನಿಮ್ಮ ಚೆಂಡನ್ನು ಮುಟ್ಟುವುದೇ ಇಲ್ಲ. ಚೆಂಡು ಓಡುವುದಿಲ್ಲ, ಪುಟಿಯುವುದಿಲ್ಲ, ಹುಲ್ಲಿನ ಮೇಲೆ ಸುಮ್ಮನೆ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ಹೊಡೆತ ತಪ್ಪಿದರೆ ದೂರುವುದಕ್ಕೆ ಇರುವವರು ಇಬ್ಬರೇ, ಒಂದು ಗಾಳಿ, ಇನ್ನೊಬ್ಬರು ನೀವು. ಗಾಳಿ ಬಹಳ ಸಲ ನಿರಪರಾಧಿ.

ಆದರೂ ಒಂದು ದಿನದ ನೂರು ಹೊಡೆತಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂಡಿಬರುತ್ತದೆ. ಕೈಗೆ ಏಟಿನ ಅರಿವೇ ಆಗದ ಹಾಗೆ ಚೆಂಡು ಎದ್ದು ಹೋಗುತ್ತದೆ. ಆ ಒಂದಕ್ಕಾಗಿ ಉಳಿದ ತೊಂಬತ್ತೊಂಬತ್ತರ ಅವಮಾನ ಮರೆತು ಮರುದಿನ ಮತ್ತೆ ಬರುತ್ತಾರೆ. ಬಿಲ್ಲುವಿದ್ಯೆಗೆ ಅಡ್ಡಿಯಾಗುತ್ತದೆಂದು ಸ್ಕಾಟ್ಲೆಂಡಿನ ಪಾರ್ಲಿಮೆಂಟು 1457ರಲ್ಲೇ ಈ ಆಟವನ್ನು ನಿಷೇಧಿಸಿತ್ತು. ಹುಚ್ಚು ಬಿಡಲಿಲ್ಲ. 1971ರಲ್ಲಿ ಅಲನ್ ಶೆಪರ್ಡ್ ಚಂದ್ರನ ಮೇಲೆ ಕೂಡ ಚೆಂಡು ಹೊಡೆದು ಬಂದರು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಗೆ, 2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ, ಬರ್ಡಿಗೂ ಬೋಗಿಗೂ ವ್ಯತ್ಯಾಸ ತಿಳಿಯದ ಮನೆಗಳಲ್ಲಿ ಟಿ.ವಿ. ಹಾಕಿಕೊಂಡು ಕೂತಿದ್ದರಲ್ಲ, ಅದೂ ಇದೇ ಸೆಳೆತ. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಚೀಲ ಹೊತ್ತು ಜೊತೆಗೆ ನಡೆದವರು ಅವರ ಅಮ್ಮ. ಆ ಬೆಳಿಗ್ಗೆ ನಮ್ಮ ಜನ ನೋಡಿದ್ದು ಹೊಡೆತಕ್ಕಿಂತ ಹೆಚ್ಚಾಗಿ ಎರಡು ಹೊಡೆತಗಳ ನಡುವಿನ ನಡಿಗೆಯನ್ನು. ಒಬ್ಬ ಮನುಷ್ಯ ತನ್ನ ಜೊತೆಗೇ ಮಾತಾಡಿಕೊಂಡು ಹೋಗುವುದನ್ನು ಅಷ್ಟು ಹತ್ತಿರದಿಂದ ತೋರಿಸುವ ಆಟ ಬೇರೆ ಇಲ್ಲ.

ರೆಡ್‌ಫರ್ಡ್‌ಗೆ ಇದು ಗೊತ್ತಿತ್ತು. ಚಿತ್ರ ತೆರೆಯುವುದೇ ಒಬ್ಬ ಮುದುಕ ಗಾಲ್ಫ್ ಮೈದಾನದಲ್ಲಿ ಹೃದಯಾಘಾತವಾಗಿ ಬೀಳುವುದರಿಂದ. ಅವನಿಗೆ ಅದು ಮೊದಲನೆಯದೇನೂ ಅಲ್ಲ. ತನ್ನನ್ನು ಕೊಲ್ಲುತ್ತಿರುವ ಆಟವನ್ನು ಯಾಕೆ ಬಿಡಲಿಲ್ಲ ಎಂದು ಹುಲ್ಲಿನ ಮೇಲೆ ಬಿದ್ದಲ್ಲಿಂದಲೇ ಅವನು ಕಥೆ ಶುರುಮಾಡುತ್ತಾನೆ. ಜ್ಯಾಕ್ ಲೆಮನ್ ಸಿನಿಮಾದಲ್ಲಿ ಮಾಡಿದ ಕೊನೆಯ ಪಾತ್ರ ಅದು. ಬ್ಯಾಗರ್ ಬರುವ ದೃಶ್ಯವನ್ನಂತೂ ಮರೆಯಲಾಗದು. ರಾತ್ರಿ, ಜೂನಾ ಒಬ್ಬನೇ ಕತ್ತಲೆಯೊಳಕ್ಕೆ ಚೆಂಡು ಹೊಡೆಯುತ್ತಿದ್ದಾನೆ. ಎಲ್ಲಿ ಬೀಳುತ್ತದೋ ಕಾಣುವುದಿಲ್ಲ. ಚೆಂಡು ಹೋದ ದಿಕ್ಕಿನಿಂದಲೇ ಒಬ್ಬ ಮನುಷ್ಯ ಹೆಗಲಿಗೊಂದು ಚೀಲ ಹಾಕಿಕೊಂಡು ನಿರಾಳವಾಗಿ ನಡೆದುಬರುತ್ತಾನೆ. ಸಂಬಳ ಎಷ್ಟು ಅಂದರೆ ಐದು ಡಾಲರ್ ಅನ್ನುತ್ತಾನೆ. ಭಗವಂತ ಐದು ಡಾಲರಿಗೆ ಒಪ್ಪಿಕೊಳ್ಳುವುದು ಒಳ್ಳೆಯ ತಮಾಷೆ, ಒಳ್ಳೆಯ ದೈವಶಾಸ್ತ್ರವೂ ಹೌದು.

ಕೊನೆಯ ಕುಳಿಯ ದೃಶ್ಯ ಇನ್ನೂ ಮೇಲು. ಜೂನಾ ಚೆಂಡಿನ ಬಳಿಯ ಕಡ್ಡಿಯೊಂದನ್ನು ತೆಗೆಯಲು ಹೋಗುತ್ತಾನೆ, ಚೆಂಡು ಕೂದಲೆಳೆಯಷ್ಟು ಅಲುಗುತ್ತದೆ. ನೋಡಿದವರು ಅವನು ಮತ್ತು ಸಹಾಯಕ್ಕಿರುವ ಹುಡುಗ ಹಾರ್ಡಿ. ಯಾರಿಗೂ ಹೇಳಬೇಡಿ, ನಾನಂತೂ ಹೇಳುವುದಿಲ್ಲ ಎಂದು ಹುಡುಗ ಅಂಗಲಾಚುತ್ತಾನೆ. ಜೂನಾ ತನ್ನ ಮೇಲೆ ತಾನೇ ಒಂದು ಹೊಡೆತದ ದಂಡ ಹಾಕಿಕೊಳ್ಳುತ್ತಾನೆ. ಇದು ಕಟ್ಟುಕಥೆಯಲ್ಲ. ಚಿತ್ರದಲ್ಲಿ ಎದುರಾಳಿಯಾಗಿ ಬರುವ ಬಾಬಿ ಜೋನ್ಸ್ ನಿಜಜೀವನದಲ್ಲಿ 1925ರ ಯು.ಎಸ್. ಓಪನ್‌ನಲ್ಲಿ ಮಾಡಿದ್ದು ಇದನ್ನೇ. ಬೇರೆ ಯಾರೂ ಕಾಣದ ತಪ್ಪಿಗೆ ದಂಡ ಹಾಕಿಕೊಂಡರು, ಕಡೆಗೆ ಪ್ಲೇ-ಆಫ್‌ನಲ್ಲಿ ಪ್ರಶಸ್ತಿ ಕಳೆದುಕೊಂಡರು. ಹೊಗಳಿದವರಿಗೆ, ಬ್ಯಾಂಕ್ ದೋಚದೆ ಇದ್ದದ್ದಕ್ಕೆ ಯಾರನ್ನಾದರೂ ಹೊಗಳುತ್ತೀರಾ ಎಂಬರ್ಥದ ಉತ್ತರ ಕೊಟ್ಟರು.

ಗಾಲ್ಫ್‌ನ ಘನತೆ ಇರುವುದು ಇಲ್ಲಿ. ಇದೇ ಅಭ್ಯಾಸ ಮೈದಾನದಿಂದ ಆಚೆ, ಖಿನ್ನತೆ ಕವಿದ ಮನಸ್ಸಿಗೆ ಬಂದರೆ ಏನಾಗುತ್ತದೆ ಎಂದು ಚಿತ್ರ ಕೇಳಿಕೊಳ್ಳಬೇಕಿತ್ತು. ಅಲ್ಲೂ ಆರೋಪಿ, ಫಿರ್ಯಾದಿ, ನ್ಯಾಯಾಧೀಶ ಎಲ್ಲ ಒಬ್ಬನೇ. ಆದರೆ ಗಾಲ್ಫ್‌ನಲ್ಲಿ ಚೆಂಡು ನಿಜವಾಗಿಯೂ ಅಲುಗಿರುತ್ತದೆ, ದಂಡ ಒಂದೇ ಹೊಡೆತ, ಬರೆದುಕೊಂಡು ಮುಂದಿನ ಕುಳಿಗೆ ನಡೆದರೆ ಅಲ್ಲಿಗೆ ಮುಗಿಯಿತು. ಖಿನ್ನತೆಯ ಕೋರ್ಟಿನಲ್ಲಿ ಸಾಕ್ಷ್ಯ ಸುಳ್ಳಿರುತ್ತದೆ, ಶಿಕ್ಷೆಗೆ ಮಿತಿ ಇರುವುದಿಲ್ಲ, ವಕೀಲರಿಗೆ ಒಳಗೆ ಪ್ರವೇಶವಿಲ್ಲ. ತನ್ನಿಂದ ಎಲ್ಲರಿಗೂ ಹೊರೆ ಎಂಬ ತೀರ್ಪನ್ನು ಆ ಮನಸ್ಸು ಸತ್ಯವೆಂದೇ ನಂಬುತ್ತದೆ. ಅದು ಕಾಯಿಲೆಯ ಮಾತು ಎಂದು ಹೊರಗಿನವರು ಹೇಳದ ಹೊರತು ಒಳಗಿದ್ದವರಿಗೆ ಗೊತ್ತಾಗುವುದಿಲ್ಲ.

ಈಗ ಚಿತ್ರದಲ್ಲಿನ ಸಾವಿಗೆ ಬರೋಣ. ನಾಯಕಿ ಅಡೆಲ್‌ಳ ತಂದೆ ಇನ್ವರ್‌ಗಾರ್ಡನ್ ಇದ್ದಬದ್ದದ್ದನ್ನೆಲ್ಲ ಸುರಿದು ಸವಾನಾದ ಕಡಲತೀರದಲ್ಲಿ ಅದ್ಭುತವಾದ ಗಾಲ್ಫ್ ಮೈದಾನ ಕಟ್ಟುತ್ತಾನೆ. ಅದೇ ಹೊತ್ತಿಗೆ ಅಮೆರಿಕದ ಆರ್ಥಿಕ ಮಹಾಕುಸಿತ. ಆಡಲು ಜನ ಬರುವುದಿಲ್ಲ, ಸಾಲ ತೀರುವುದಿಲ್ಲ, ಅವನು ಜೀವ ಕಳೆದುಕೊಳ್ಳುತ್ತಾನೆ. ಊರಿನ ದೊಡ್ಡ ಮನುಷ್ಯರು ಮೈದಾನ ಮಾರಿಬಿಡು ಎಂದು ಮಗಳ ಮೇಲೆ ಒತ್ತಡ ಹಾಕುತ್ತಾರೆ. ಅವಳು ಹತ್ತು ಸಾವಿರ ಡಾಲರ್ ಬಹುಮಾನದ ಪಂದ್ಯ ಘೋಷಿಸುತ್ತಾಳೆ, ಜೂನಾ ಆಡುವುದು ಅದರಲ್ಲೇ. ಅಲ್ಲಿಂದ ಮುಂದೆ ತಂದೆಯ ಸುದ್ದಿಯೇ ಇಲ್ಲ. ಅವಳು ಒಂದು ಸಂಜೆಯಾದರೂ ಆ ಹುಲ್ಲುಹಾಸಿನ ಮೇಲೆ ಒಬ್ಬಳೇ ಕೂತು, ಅಪ್ಪ ಯಾಕೆ ನನಗೊಂದು ಮಾತು ಹೇಳಲಿಲ್ಲ ಎಂದುಕೊಳ್ಳುವುದಿಲ್ಲ. ಹಾಗೆ ಹೋದವರ ಮನೆಯಲ್ಲಿ ವರ್ಷಗಟ್ಟಲೆ ಉಳಿಯುವ ಪ್ರಶ್ನೆ ಅದೊಂದೇ. ನಿರ್ದೇಶಕರಿಗೆ ಅದಕ್ಕೆ ಬಿಡುವಿಲ್ಲ, ಪಂದ್ಯ ಶುರುವಾಗಬೇಕು.

ನನಗೆ ಇದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಬ್ಬ ತಂದೆಯ ಕಥೆ. ಹುಡುಗ ಹಾರ್ಡಿಯ ಅಪ್ಪನ ಅಂಗಡಿಯೂ ಅದೇ ಕುಸಿತದಲ್ಲಿ ಮುಳುಗುತ್ತದೆ. ಅವನು ದಿವಾಳಿ ಎಂದು ಕೈಯೆತ್ತದೆ ಬೀದಿ ಗುಡಿಸುವ ಕೆಲಸಕ್ಕೆ ಸೇರುತ್ತಾನೆ. ಮಗನಿಗೆ ನಾಚಿಕೆ. ಜೂನಾ ಹುಡುಗನನ್ನು ಕೂರಿಸಿಕೊಂಡು, ನಿನ್ನಪ್ಪ ಕಷ್ಟವನ್ನು ಎದುರಿಗೆ ನಿಂತು ಪೊರಕೆಯಲ್ಲಿ ಹೊಡೆದಟ್ಟಿದ ಧೀರ ಎಂಬ ಅರ್ಥದಲ್ಲಿ ಬುದ್ಧಿ ಹೇಳುತ್ತಾನೆ. ಕೇಳಲು ಚೆಂದ, ಮಗುವಿಗೆ ಹೇಳಬೇಕಾದ ಮಾತೂ ಹೌದು. ಆದರೆ ಒಂದೇ ಊರು, ಒಂದೇ ಕುಸಿತ, ಸಾಲದಲ್ಲಿ ಮುಳುಗಿದ ಇಬ್ಬರು ಅಪ್ಪಂದಿರು. ಬೀದಿ ಗುಡಿಸಿ ಉಳಿದವನು ಧೀರನಾದರೆ ಉಳಿಯದವನು ಏನು? ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಪ್ರೇಕ್ಷಕ ತಾನಾಗಿ ಹೇಳಿಕೊಳ್ಳುತ್ತಾನೆ.

ಈ ಮಾತು ನಮ್ಮಲ್ಲೂ ಸಾವಿನ ಮನೆಯ ಜಗುಲಿಯ ಮೇಲೇ ಕೇಳಿಬರುತ್ತದೆ. ರೈತನೊಬ್ಬ ಹೋದಾಗ ಪಕ್ಕದ ಹೊಲದವನನ್ನು ತೋರಿಸಿ, ಅವನಿಗೂ ಅಷ್ಟೇ ಸಾಲ ಇಲ್ಲವಾ, ಅವನು ಗಟ್ಟಿಯಾಗಿ ನಿಂತಿಲ್ಲವಾ ಎನ್ನುತ್ತಾರೆ. ಹೇಡಿತನ ಮಾಡಿಬಿಟ್ಟ ಎನ್ನುತ್ತಾರೆ. ಹೀಗೆ ಹೇಳುವವರೆಲ್ಲ ಕೆಟ್ಟವರಲ್ಲ, ಬಹಳಷ್ಟು ಮಂದಿ ಉಳಿದವರಿಗೆ ಧೈರ್ಯ ತುಂಬುತ್ತಿದ್ದೇವೆ ಎಂದೇ ನಂಬಿರುತ್ತಾರೆ. ಒಳಗೆ ಕೂತ ಹೆಂಡತಿ ಮಕ್ಕಳಿಗೆ ಅದು ಎರಡನೆಯ ಸಾವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ, ಕರ್ನಾಟಕದಲ್ಲಿ 13,606 ಮಂದಿ ಹೀಗೆ ಜೀವ ಕಳೆದುಕೊಂಡರು. ಇವರೆಲ್ಲರಲ್ಲಿ ಧೈರ್ಯವೆಂಬ ಒಂದೇ ವಸ್ತು ಕಡಿಮೆಯಾಗಿತ್ತು ಎಂದು ನಂಬುವುದು ಹೇಗೆ? ಮೈಕ್ರೊಫೈನಾನ್ಸ್ ಕಂಪನಿಗಳ ವಸೂಲಿ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದದ್ದು, ಬಾಗಿಲಲ್ಲಿ ನಿಂತವರ ಪಾತ್ರವೂ ಇದೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ.

ಗೀತೆಯನ್ನು ಆಧಾರವಾಗಿಟ್ಟುಕೊಂಡ ಚಿತ್ರಕ್ಕೆ ಈ ವಿಷಯದಲ್ಲಿ ಮೂಲವೇ ದಾರಿ ತೋರಿಸಬಹುದಿತ್ತು. ಗೀತೆಯ ಮೊದಲ ಅಧ್ಯಾಯದ ಹೆಸರು ಅರ್ಜುನವಿಷಾದಯೋಗ. ಅಲ್ಲಿ ಅರ್ಜುನ ಯುದ್ಧ ಬೇಡ ಎಂದಷ್ಟೇ ಹೇಳುವುದಿಲ್ಲ. ಮೈ ನಡುಗುತ್ತದೆ, ಬಾಯಿ ಒಣಗುತ್ತದೆ, ಕೈಯಿಂದ ಗಾಂಡೀವ ಜಾರುತ್ತದೆ. ಆಯುಧವಿಲ್ಲದೆ, ಎದುರಿಸದೆ ನಿಂತ ನನ್ನನ್ನು ಕೌರವರು ಕೊಂದರೂ ಅದೇ ನನಗೆ ಒಳ್ಳೆಯದು ಎನ್ನುತ್ತಾನೆ. ಸಾವೇ ವಾಸಿ ಎಂಬ ಮಾತು. ಅರ್ಜುನನಿಗಿಂತ ಗಟ್ಟಿಗರು ಯಾರಿದ್ದಾರೆ? ಅಂಥವನ ಬಾಯಲ್ಲಿ ಬಂದ ಆ ಮಾತಿಗೆ ಉತ್ತರ ಒಂದು ಸಾಲಿನದಲ್ಲ. ಶುರುವಿನಲ್ಲಿ ಕೃಷ್ಣನೂ ಇದು ನಿನಗೆ ತಕ್ಕದ್ದಲ್ಲ, ಎದ್ದೇಳು ಎಂದು ಗದರಿಸಿ ನೋಡುತ್ತಾನೆ. ಅರ್ಜುನ ಏಳುವುದಿಲ್ಲ. ಗದರಿಕೆ ಕೆಲಸಕ್ಕೆ ಬಾರದ ಮೇಲೆ ಕೃಷ್ಣ ಹದಿನೆಂಟನೆಯ ಅಧ್ಯಾಯ ಮುಗಿಯುವವರೆಗೆ ಕೂತು ಮಾತಾಡುತ್ತಾನೆ. ಅರ್ಜುನ ಮತ್ತೆ ಮತ್ತೆ ಕೇಳಿದ್ದನ್ನೇ ಕೇಳುತ್ತಾನೆ, ಕೃಷ್ಣ ಮತ್ತೆ ಮತ್ತೆ ಹೇಳುತ್ತಾನೆ. ಗೀತೆಯ ತತ್ತ್ವವನ್ನು ಒಪ್ಪದವರು ಕೂಡ ಆ ತಾಳ್ಮೆಯನ್ನು ಗಮನಿಸಬೇಕು.

ಚಿತ್ರದಲ್ಲಿ ಇದಕ್ಕೆ ಸಮನಾದದ್ದು ಕಾಡಿನ ದೃಶ್ಯ. ಜೂನಾ ಹೊಡೆದ ಚೆಂಡು ಮರಗಳ ನಡುವೆ ಹೋಗಿ ಬೀಳುತ್ತದೆ. ಅಲ್ಲಿನ ಹೊಗೆ, ನೆರಳು ಕಂಡು ಮೊದಲ ಮಹಾಯುದ್ಧದಲ್ಲಿ ಕಣ್ಣೆದುರೇ ಸತ್ತ ತನ್ನ ತುಕಡಿಯವರ ನೆನಪು ನುಗ್ಗಿಬರುತ್ತದೆ. ಅವನೊಬ್ಬನೇ ಉಳಿದದ್ದು. ಡೇಮನ್ ಕೈ ನಡುಗುವುದನ್ನು ಚೆನ್ನಾಗಿ ತೋರಿಸುತ್ತಾರೆ, ಆ ಕ್ಷಣ ನಿಜ ಅನ್ನಿಸುತ್ತದೆ. ಬ್ಯಾಗರ್ ಹತ್ತಿರ ಬಂದು, ಈ ಭಾರ ಹೊತ್ತದ್ದು ಸಾಕು, ನಿನ್ನದೇ ಆದ ಹೊಡೆತ ಆಡು ಎಂಬಂತೆ ನಾಲ್ಕು ಮಾತು ಹೇಳುತ್ತಾನೆ. ಜೂನಾ ಹೊಡೆಯುತ್ತಾನೆ, ಚೆಂಡು ಬೆಳಕಿಗೆ ಹಾರುತ್ತದೆ, ಸಂಗೀತ ಏರುತ್ತದೆ. ಹತ್ತು ವರ್ಷಕ್ಕೂ ಮೀರಿದ ಕುಡಿತ, ಒಂಟಿತನ, ನಿದ್ದೆಗೇಡು ಒಂದು ಸ್ವಿಂಗ್‌ನಲ್ಲಿ ವಾಸಿ. ಹದಿನೇಳು ಅಧ್ಯಾಯಗಳನ್ನು ಕತ್ತರಿಸಿ ಬಿಸಾಕಿ, ಕೊನೆಯ ಪುಟ ಅಂಟಿಸಿದ ಹಾಗಿದೆ.

ಬ್ಯಾಗರ್‌ನ ಪಾತ್ರದ ಬಗ್ಗೆ ಸ್ಪೈಕ್ ಲೀ ಎತ್ತಿದ ಆಕ್ಷೇಪ ಪ್ರಸಿದ್ಧ. ಕರಿಯರನ್ನು ಗುಂಪು ಕಟ್ಟಿ ಕೊಲ್ಲುತ್ತಿದ್ದ ಕಾಲದ ಜಾರ್ಜಿಯಾದಲ್ಲಿ, ಮಾಯಾಶಕ್ತಿ ಇರುವ ಕರಿಯನೊಬ್ಬನಿಗೆ ಬಿಳಿಯನ ಸ್ವಿಂಗ್ ತಿದ್ದುವುದು ಬಿಟ್ಟು ಬೇರೆ ಕೆಲಸವಿರಲಿಲ್ಲವೇ ಎಂಬುದು ಅದರ ಸಾರ. ಒಪ್ಪಲೇಬೇಕಾದ ಮಾತು. ಅವನು ದೇವರು, ಅವನಿಗೇಕೆ ದುಃಖ ಎನ್ನಬಹುದು. ಆದರೆ ನೋವು ಯಾರದು ಎಣಿಕೆಗೆ ಬರುತ್ತದೆ ಎಂಬುದನ್ನು ಚಿತ್ರ ಮೊದಲೇ ತೀರ್ಮಾನಿಸಿಬಿಟ್ಟಿದೆ. ಇನ್ವರ್‌ಗಾರ್ಡನ್‌ನದ್ದು ಬರುವುದಿಲ್ಲ, ಬ್ಯಾಗರ್‌ನದ್ದಂತೂ ಇಲ್ಲವೇ ಇಲ್ಲ.

ಕೊನೆಗೆ ಜೂನಾ ಬಲು ದೂರದ ಪಟ್ ಒಂದನ್ನು ಕುಳಿಗೆ ಇಳಿಸುತ್ತಾನೆ. ಪಂದ್ಯದ ಮೂವರು ಆಟಗಾರರೂ ಸಮಸಮ. ಅಡೆಲ್ ಮರಳಿ ಸಿಗುತ್ತಾಳೆ, ಚಿತ್ರ ಮುಗಿಯುತ್ತದೆ.

ಇಪ್ಪತ್ಮೂರು ವರ್ಷಗಳ ಮೇಲೆ, 2024ರ ಜನವರಿಯಲ್ಲಿ, ಹವಾಯಿಯ ಸೋನಿ ಓಪನ್‌ನಲ್ಲಿ ಇಂಥದ್ದೇ ಒಂದು ಪಟ್ ನಿಜವಾಗಿಯೂ ಬಿತ್ತು. ಮೂವರ ನಡುವಿನ ಪ್ಲೇ-ಆಫ್‌ನಲ್ಲಿ ಸುಮಾರು ನಲವತ್ತು ಅಡಿ ದೂರದಿಂದ ಚೆಂಡನ್ನು ಇಳಿಸಿ ಗೆದ್ದವರು ಗ್ರೇಸನ್ ಮರ್ರೆ, ಆಗ ಮೂವತ್ತು ವರ್ಷ. ಕುಡಿತ ಬಿಟ್ಟು ತಿಂಗಳುಗಳಾಗಿದ್ದವು. ಖಿನ್ನತೆ, ಆತಂಕ, ಮದ್ಯವ್ಯಸನದ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದರು. ಆಟವಷ್ಟೇ ಅಲ್ಲ, ಬದುಕೇ ಬೇಡವೆನಿಸಿದ ಸಮಯಗಳಿದ್ದವು ಎಂದೂ ಹೇಳಿಕೊಂಡರು. ಪತ್ರಿಕೆಗಳು ಅದನ್ನು ಪುನರ್ಜನ್ಮದ ಕಥೆಯಾಗಿ ಬರೆದವು. ಮೇ 25ರಂದು ಅವರು ಇಲ್ಲವಾದರು. ಹಿಂದಿನ ದಿನ ಟೆಕ್ಸಸ್‌ನ ಟೂರ್ನಿಯೊಂದರ ನಡುವೆ ಅನಾರೋಗ್ಯವೆಂದು ಹೊರಬಂದಿದ್ದರು. ಮಗ ತಾನಾಗಿ ಜೀವ ಕಳೆದುಕೊಂಡ ಎಂಬುದನ್ನು ತಂದೆತಾಯಿ ಮರೆಮಾಚಲಿಲ್ಲ. ಜನ ಒಬ್ಬರಿಗೊಬ್ಬರು ದಯೆಯಿಂದ ನಡೆದುಕೊಳ್ಳಲಿ ಎಂದು ಕೇಳಿಕೊಂಡರು.

ಗಾಲ್ಫ್ ಅವರನ್ನು ಕೊಂದಿತು ಎಂದು ಬರೆಯುವುದು ತಪ್ಪು, ಗಾಲ್ಫ್ ಅವರನ್ನು ಉಳಿಸಬೇಕಿತ್ತು ಎನ್ನುವುದೂ ತಪ್ಪು. ಆತ್ಮಹತ್ಯೆಗೆ ಒಂದೇ ಕಾರಣ ಹುಡುಕುವುದು ಬದುಕಿರುವವರ ಸಮಾಧಾನಕ್ಕೆ. ಅವರ ಚಿಕಿತ್ಸೆ, ಪ್ರಯತ್ನ ವ್ಯರ್ಥವಾಯಿತು ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅವರು ಅಷ್ಟು ದಿನ ಬದುಕಿದ್ದು, ಗೆದ್ದದ್ದು ಆ ಪ್ರಯತ್ನದಿಂದಲೇ. ಒಮ್ಮೆ ಆ ಅಂಚಿಗೆ ಹೋಗಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ಕೆಟ್ಟ ಗಳಿಗೆ ದಾಟುತ್ತದೆ, ದಾಟಿಸುವವರು ಬೇಕು. ಮರ್ರೆ ಅವರ ಬದುಕು ಆ ಚಿತ್ರದ ಮೇಲೆ ಎತ್ತುವ ಆಕ್ಷೇಪ ಇಷ್ಟೇ: ಪಟ್ ಬಿದ್ದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ. ಗೆದ್ದವರನ್ನೂ ಮಾರನೆಯ ದಿನ ಹೇಗಿದ್ದೀಯ ಎಂದು ಕೇಳಬೇಕು, ಆರು ತಿಂಗಳ ಮೇಲೂ ಕೇಳಬೇಕು.

ಹಾಗೆಂದು ಚಿತ್ರವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಾಲ್ಫ್‌ನ ನಿಯಮದ ಪ್ರಕಾರ ಆಟದ ನಡುವೆ ಆಟಗಾರ ಸಲಹೆ ಕೇಳಬಹುದಾದದ್ದು ತನ್ನ ಕ್ಯಾಡಿಯನ್ನು, ಜೋಡಿ ಆಟವಾದರೆ ಜೊತೆಗಾರನನ್ನು ಮತ್ತು ಅವನ ಕ್ಯಾಡಿಯನ್ನು. ಬೇರೆ ಯಾರನ್ನೂ ಅಲ್ಲ. ಇಷ್ಟು ಒಂಟಿ ಆಟವೂ ಒಬ್ಬ ಜೊತೆಗಾರನಿಗೆ ಜಾಗ ಬಿಟ್ಟಿದೆ. ಬ್ಯಾಗರ್ ಉಪದೇಶ ಕೊಡುವಾಗ ಬೇಸರ ಬರುತ್ತದೆ. ಅವನು ಸುಮ್ಮನೆ ಚೀಲ ಹೊತ್ತು ಪಕ್ಕದಲ್ಲಿ ನಡೆಯುವ ದೃಶ್ಯಗಳು ಮಾತ್ರ ಇವತ್ತಿಗೂ ಹಳಸಿಲ್ಲ. ಆಟ ಕೂಡ ನಿಧಾನವಾಗಿ ಮೆದುವಾಗಿದೆ. 2019ರ ಪರಿಷ್ಕೃತ ನಿಯಮಗಳಲ್ಲಿ ಗ್ರೀನ್ ಮೇಲೆ ಚೆಂಡು ಆಕಸ್ಮಿಕವಾಗಿ ಅಲುಗಿದರೆ ದಂಡವಿಲ್ಲ, ಇದ್ದ ಜಾಗದಲ್ಲೇ ಇಟ್ಟು ಆಡಬಹುದು. ನಮ್ಮ ಕಾನೂನಿನದೂ ಅದೇ ದಾರಿ. ಸಾಯಲು ಯತ್ನಿಸಿ ಬದುಕುಳಿದವರಿಗೆ ಒಂದು ವರ್ಷದವರೆಗೆ ಜೈಲು ಎನ್ನುತ್ತಿದ್ದ ದಂಡಸಂಹಿತೆಯ 309ನೇ ಸೆಕ್ಷನ್ 1860ರಿಂದ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ತರಲು ಯತ್ನಿಸಿದರೆ ಮಾತ್ರ ಅಪರಾಧ. ಕಾನೂನು ಇಷ್ಟು ಮೆತ್ತಗಾದ ಮೇಲೂ ಜಗುಲಿಯ ಮಾತು ಮೆತ್ತಗಾಗಲು ಏನು ಅಡ್ಡಿಯೋ ತಿಳಿಯದು.

‘ಬ್ಯಾಗರ್ ವ್ಯಾನ್ಸ್’ ಅನ್ನು ಗಾಲ್ಫ್‌ಗಾಗಿ ನೋಡಿ. ಮನಸ್ಸು ಸರಿಯಿಲ್ಲದ ಗೆಳೆಯರಿಗೆ ಔಷಧಿಯ ಹಾಗೆ ಅದನ್ನು ತೋರಿಸಬೇಡಿ. ಅವರ ಪಕ್ಕದಲ್ಲಿ ಕೂತು, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಸುಳ್ಳು. ಕೇಳಿದ ಮೇಲೆ ಒಬ್ಬರೇ ಬಿಟ್ಟು ಬರಬೇಡಿ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ. ಇದನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೆ ಹತ್ತಿರದ ಒಬ್ಬರಿಗಾದರೂ ಈಗಲೇ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಬೆಂಗಳೂರಿನ ನಿಮ್ಹಾನ್ಸ್ ಉಸ್ತುವಾರಿಯಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.